ಒಂಟಿಯಾಗಿ ಹೋದವನಿಗೆ ಹರಿಗೋಲಿಲ್ಲ

ಪ್ರವಾಸವನ್ನು ಒಬ್ಬನೇ ಮಾಡಬೇಕು. ಜೊತೆಗೊಬ್ಬರಿದ್ದರೆ ಮನುಷ್ಯ ಊರನ್ನು ನೋಡದೆ ಜೊತೆಯವರ ಮುಖ ನೋಡುತ್ತಲೇ ಕಾಲ ಕಳೆಯುತ್ತಾನೆ. ಈ ಗಂಭೀರ ಸತ್ಯ ನನಗೆ ಹೊಳೆದದ್ದು, ಶ್ರಾವಣದ ಜಡಿಮಳೆಯಲ್ಲಿ ಸಂಗಮ ನೋಡಲು ಬರುತ್ತೀರಾ ಎಂದು ಕೇಳಿದ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಜ್ವರ ಬಂದಿದೆ ಎಂದ ಮೇಲೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಒಂದು ಶುಕ್ರವಾರ ಬೆಳಕು ಹರಿಯುವ ಮುಂಚೆ ಮೈಸೂರು ಬಿಟ್ಟೆ. ತಾಂಡ್ಯದಲ್ಲಿ ಕಾರ್ಖಾನೆಯ ಜನ ಇಳಿದುಹೋದಾಗ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆ ಕಿಟಕಿಗೆ ಗಾಜಿಲ್ಲ ಎಂಬುದು ಕುಳಿತ ಮೇಲೆ ತಿಳಿಯಿತು. ಕಂಡಕ್ಟರಿಗೆ ದೂರು ಕೊಟ್ಟೆ. ಗಾಜು ಶೆಡ್ಡಿನಲ್ಲಿದೆ ಎಂದ, ಅದು ಅಲ್ಲಿ ಕ್ಷೇಮವಾಗಿದೆ ಎಂದು ನನಗೆ ಸಮಾಧಾನ ಹೇಳುವವನಂತೆ. ನಂಜನಗೂಡಿನಲ್ಲಿ ಇಡ್ಲಿ ತಿಂದು, ಅಂಗಿ ಹಿಂಡಿಕೊಂಡು, ನರಸೀಪುರದ ಬಸ್ಸು ಹತ್ತಿದೆ. ಇದರ ಗಾಜುಗಳೆಲ್ಲ ಇದ್ದವು. ಸೂರು ಸೋರುತ್ತಿತ್ತು.

ನರಸೀಪುರದಲ್ಲಿ ಮನೆಗಳಿವೆ, ಆದರೆ ಅವು ಸಾಮಾನು ಇಡುವುದಕ್ಕೆ. ಜನ ಇರುವುದು ಹೊರಗೆ. ಹೊಳೆಯ ಹಾದಿಯ ಅರಳಿಕಟ್ಟೆಯಲ್ಲಿ ಕ್ಷೌರ ನಡೆದಿತ್ತು. ಗಿರಾಕಿಯ ಕೆನ್ನೆಗೆ ಬಳಿದ ನೊರೆಯನ್ನು ಮಳೆ ತೊಳೆಯುತ್ತಿತ್ತು, ಕ್ಷೌರಿಕ ಮತ್ತೆ ಬಳಿಯುತ್ತಿದ್ದ, ಇಬ್ಬರಿಗೂ ಅವಸರವಿರಲಿಲ್ಲ. ಹೋಟೆಲಿನವನು ಒಳಗೆ ಖಾಲಿ ಬೆಂಚುಗಳಿದ್ದರೂ ಅಂಗಳದಲ್ಲೇ ಕಾಫಿ ಕೊಟ್ಟ. ಕುಡಿದಷ್ಟೂ ಲೋಟ ತುಂಬುತ್ತಿತ್ತು. ಸೋಪಾನದ ಬಳಿ ಅರವತ್ತು ದಾಟಿದ ಗಂಡಸರು ಕೆಂಪು ನೀರಿನಲ್ಲಿ ಈಜು ಹೊಡೆಯುತ್ತಿದ್ದರು. ಅವರಲ್ಲೊಬ್ಬರು ತಲೆ ಎತ್ತಿ ನನ್ನನ್ನು ಮರುಕದಿಂದ ನೋಡಿ, "ಛತ್ರಿ ಯಾಕ್ ಸಾ? ಬರೀ ಮಳೆ ತಾನೆ?" ಎಂದರು.

ನಾನು ಬಂದದ್ದು ಒಂದೇ ಕೆಲಸಕ್ಕೆ. ಕಾವೇರಿಯೂ ಕಪಿಲೆಯೂ ಸೇರುವ ನಡುಹೊಳೆಯಲ್ಲಿ, ಹೊಸ ನೀರು ಬಂದಾಗ, ಎರಡು ಬಣ್ಣದ ನೀರು ಬೆರೆಯದೆ ಅಕ್ಕಪಕ್ಕ ಹರಿಯುವುದನ್ನು ನೋಡಬೇಕಿತ್ತು. ಹರಿಗೋಲು ನಡೆಸುವ ಕೆಂಪಯ್ಯನನ್ನು ಕೇಳಿದೆ. ಅವನು ನನ್ನ ಹಿಂದೆ, ಎಡಕ್ಕೆ, ಬಲಕ್ಕೆ ನೋಡಿ, ಇನ್ನೊಬ್ಬರೆಲ್ಲಿ ಎಂದ. ಇನ್ನೊಬ್ಬರಿಲ್ಲ ಎಂದೆ. ಹಾಗಾದರೆ ಹರಿಗೋಲೂ ಇಲ್ಲವಂತೆ.

"ಒಸ ನೀರ್ನಲ್ಲಿ ಒಂಟಿ ಜನನ ಕೂರ್ಸಕಿಲ್ಲ ಸಾ. ಒಬ್ರೇ ಕೂತ್ರ ಅದು ಬುಗುರಿಯಂಗೆ ತಿರುಗ್ತದ. ಎದುರಾಬದುರಾ ಇಬ್ರು ಬೇಕು."

ನಾನು ಇಬ್ಬರ ದುಡ್ಡು ಕೊಡುತ್ತೇನೆ ಎಂದೆ. ದುಡ್ಡಿಗೆ ತೂಕವಿಲ್ಲ ಎಂದ. ನನ್ನ ಎದುರಿಗೆ ಕಲ್ಲಿಡು ಎಂದೆ. ಕಲ್ಲಿಟ್ಟರೂ ಒಬ್ಬನೇ ಬಂದ ಹಾಗೆ ಲೆಕ್ಕ ಎಂದ. ಸ್ವತಂತ್ರ ಭಾರತದಲ್ಲಿ ಒಬ್ಬ ನಾಗರಿಕ ಹೊಳೆಗಿಳಿಯಬೇಕಾದರೆ ಜೊತೆಗಾರನನ್ನು ಸಂಪಾದಿಸಬೇಕು ಎಂಬ ಈ ಶಾಸನದ ಬಗ್ಗೆ ನಾನು ದೀರ್ಘವಾಗಿ ಮಾತನಾಡಿದೆ. ಕೆಂಪಯ್ಯ ಬೋರಲು ಹಾಕಿದ ಹರಿಗೋಲಿನಡಿ ಕೂತು ಪೂರ್ತಿ ಕೇಳಿದ. ಅಲ್ಲಾಡಲಿಲ್ಲ.

ಆಗ ಬಂದವನು ಮಾದೇವ. ತಗಡೂರಿನವನು, ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸ, ಮೂವತ್ತು ದಾಟಿದ ವಯಸ್ಸು. ಬಿಳಿ ಅಂಗಿ ಮೈಗೆ ಅಂಟಿತ್ತು, ಕೈಯಲ್ಲಿ ಬಾಳೆಹಣ್ಣಿನ ಚೀಲ. ಆಚೆ ದಡದ ಹಳ್ಳಿಯಲ್ಲಿ ಹೆಣ್ಣು ನೋಡುವುದಿತ್ತು. ಅಪ್ಪನಿಲ್ಲ, ಜೊತೆಗೆ ಬರಬೇಕಿದ್ದ ಸೋದರಮಾವ ಮಳೆ ನೋಡಿ ನಂಜನಗೂಡಿನಿಂದಲೇ ಹಿಂತಿರುಗಿದ್ದ. ಈ ಹಿಂದೆ ಎರಡು ಸಂಬಂಧ ಹೆಣ್ಣು ನೋಡುವ ಮೊದಲೇ ಮುರಿದಿದ್ದವು. ಇವತ್ತು ರಾಹುಕಾಲ ಹುಟ್ಟುವುದರೊಳಗೆ ಹೋಗದಿದ್ದರೆ ಇದೂ ಇಲ್ಲ. ರಜೆಯೂ ಇದೊಂದೇ ದಿನ. ರಸ್ತೆಯಲ್ಲಿ ಸುತ್ತಿ ಹೋಗುವ ಬಸ್ಸು ಆಗಲೇ ಹೋಗಿತ್ತು.

ಕೆಂಪಯ್ಯ ನಮ್ಮಿಬ್ಬರನ್ನೂ ನೋಡಿ, ಇಬ್ಬರಾದಿರಲ್ಲ ಎಂದು ಎದ್ದ.

ಎದುರುಬದುರು ಕೂತೆವು. ಚೆನ್ನಾಗಿ ಕೂತಿದ್ದೀರಾ ಎಂದು ಮಾದೇವ ಹಲವು ಸಲ ಕೇಳಿದ. ನಾನು ಬಂದ ಕಾರಣ ಕೇಳಿಕೊಂಡ. ನಡುಹೊಳೆಯಲ್ಲಿ ಹರಿಗೋಲು ಬಿರಬಿರನೆ ಸಾಗುತ್ತಿರುವಾಗ, "ಅಣ್ಣೋ, ಇಲ್ಲಿ ಒಸಿ ನಿಲ್ಸು. ಇವ್ರು ನೋಡ್ಬೇಕಂತೆ," ಎಂದುಬಿಟ್ಟ. ನಿನಗೆ ಹೊತ್ತಾಗುತ್ತದೆ, ಬುದ್ಧಿ ಇದೆಯೇ ಎಂದು ಗದರಿದೆ. ಕೆಂಪಯ್ಯ ಹುಟ್ಟು ಹಿಂದೆ ಹಾಕಿ ಹರಿಗೋಲನ್ನು ತಡೆದು ಹಿಡಿದ. ಒಂದು ಮಗ್ಗುಲಿಗೆ ಇಟ್ಟಿಗೆ ಬಣ್ಣ, ಇನ್ನೊಂದಕ್ಕೆ ಬೂದಿ ಬಣ್ಣ. ನಡುವೆ ಹಗ್ಗ ಎಳೆದ ಹಾಗೆ ಗೆರೆ. ಬೈಯುತ್ತಲೇ ನೋಡಿದೆ.

ಆಚೆ ದಡದಲ್ಲಿ ಹೆಣ್ಣಿನ ಕಡೆಯವರು ಕಾಯುತ್ತಿದ್ದರು. ಆ ಸೀಮೆಯಲ್ಲಿ ಹೊಸ ನೀರಿನ ದಿನಗಳಲ್ಲಿ ಒಂದೇ ಹರಿಗೋಲಿನಿಂದ ಇಳಿದವರನ್ನು ಒಂದೇ ಮನೆಯವರೆಂದು ಎದುರುಗೊಳ್ಳುತ್ತಾರಂತೆ. ಮೊಣಕಾಲಿನವರೆಗೆ ಕಾವೇರಿಯಲ್ಲಿ ನೆನೆದು ಬಂದ ನನ್ನ ಕಾಲಿಗೆ ಚೊಂಬಿನಿಂದ ನೀರು ಹಾಕಿ, ಮಾವನವರೇ ಎಂದು ಕೈಹಿಡಿದರು. ಮನೆ ಸೋರುತ್ತಿದೆ, ಇಲ್ಲೇ ಆಗಲಿ ಎಂದು ಹುಡುಗಿಯ ಅಜ್ಜಿ ಅಪ್ಪಣೆ ಕೊಡಿಸಿದಳು. ಹುಟ್ಟುಗಳ ಮೇಲೆ ಓರೆಯಾಗಿ ನಿಲ್ಲಿಸಿದ ಹರಿಗೋಲಿನ ಕೆಳಗೆ ಚಾಪೆ ಹಾಸಿ, ಉಪ್ಪಿಟ್ಟು ಕೊಟ್ಟು, ಹುಡುಗಿ ಮಂಜುಳಳನ್ನು ಕೂರಿಸಿದರು.

ರಾಹುಕಾಲ ಹುಟ್ಟಿತ್ತು. ಹುಡುಗಿಯ ಅಪ್ಪ ಬಿಗುಮಾನದಿಂದ, ನೀವು ತಾಯಿಯ ಕಡೆಯವರೋ ಎಂದು ನನ್ನನ್ನು ಕೇಳಿದ. ನಾನು ಯಾರ ಕಡೆಯವನೂ ಅಲ್ಲ, ಹೊಳೆ ನೋಡಲು ಬಂದವನು ಎಂದೆ. ಅವನ ಮುಖ ಗಂಟಿಕ್ಕಿತು. "ಬಾಡಿಗೆಗೆ ಮಾವನ್ ತಂದಿದ್ದೀಯೇನ್ಲಾ?" ಎಂದು ಮಾದೇವನ ಕಡೆ ತಿರುಗಿದ. ಮಾದೇವ ತಲೆ ತಗ್ಗಿಸಿ ಕೂತ. ಹೆಣ್ಣಿನ ಕಡೆಯವರು ಎದ್ದು ಹೋಗುವುದೊಂದು ಬಾಕಿ.

ನನಗೆ ರೇಗಿತು. ಬಾಡಿಗೆಯೇ? ಈ ಮನುಷ್ಯನ ಪರಿಚಯ ನನಗೆ ಒಂದು ಮಳೆಯಷ್ಟೂ ಹಳೆಯದಲ್ಲ ಎಂದೆ. ಇವನಿಗೆ ತನ್ನ ಕೆಲಸ ಯಾವುದು, ಪರರ ಕೆಲಸ ಯಾವುದು ಎಂಬ ವಿವೇಕವಿಲ್ಲ. ಹೊತ್ತು ಮೀರುತ್ತಿದ್ದರೂ ಗುರುತಿಲ್ಲದ ನನಗೋಸ್ಕರ ನಡುಹೊಳೆಯಲ್ಲಿ ಹರಿಗೋಲು ನಿಲ್ಲಿಸಿದ. ನಾನು ಬೈದರೂ ಕೇಳಲಿಲ್ಲ. ಇಂಥವನು ಹೇಗೆ ಸಂಸಾರ ಮಾಡುತ್ತಾನೋ ನೀವೇ ಯೋಚಿಸಿ ಎಂದು ಜೋರಾಗಿಯೇ ಹೇಳಿದೆ.

ಅಜ್ಜಿ ಎಲೆಯಡಿಕೆ ಉಗಿದು ಬಂದಳು. "ಬಾಡಿಗೆಯವ್ನಾಗಿದ್ರ ಒಗಳ್ತಿದ್ದ ಕಣ್ಲಾ ಮಗ. ಇವ್ರು ಬಯ್ತಾವ್ರೆ. ಇವ್ರು ಏಳೋದು ನಿಜ," ಎಂದು ಮಗನಿಗೆ ತೀರ್ಪು ಕೊಟ್ಟಳು.

ಹೊತ್ತಾಯ್ತದೆ ಅಂತ ಗೊತ್ತಿದ್ದೂ ಯಾಕೆ ನಿಲ್ಲಿಸಿದಿರಿ ಎಂದು ಮಂಜುಳ ಮಾದೇವನನ್ನೇ ಕೇಳಿದಳು.

"ಅವ್ರು ಅಷ್ಟ್ ದೂರದಿಂದ ಅದ್ನೇ ನೋಡಕ್ ಬಂದಿದ್ರು," ಎಂದ ಮಾದೇವ. "ನೋಡ್ದೇ ವಾಪಸ್ ಓಗೋದು ಎಂಗಿರ್ತದೆ ಅಂತ ನಂಗೂ ಗೊತ್ತಲ್ವಾ?"

ಮಂಜುಳ ಅವನ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಹಾಕಿದಳು. ನನ್ನ ತಟ್ಟೆ ಖಾಲಿಯಾಗಿದ್ದನ್ನು ಯಾರೂ ಗಮನಿಸಲಿಲ್ಲ.

ಹಿಂತಿರುಗುವಾಗಲೂ ಇಬ್ಬರೇ ಎದುರುಬದುರು ಕೂತು ಹೊಳೆ ದಾಟಿದೆವು. ನಂಜನಗೂಡಿನವರೆಗೆ ಬಸ್ಸಿನಲ್ಲಿ ಅವನು ನನ್ನ ಭುಜದ ಮೇಲೆ ನಿದ್ದೆ ಮಾಡಿದ. ಅದನ್ನೂ ಪ್ರತಿಭಟಿಸಿದೆ, ಅವನಿಗೆ ಕೇಳಿಸಲಿಲ್ಲ. ಮದುವೆ ಕಾರ್ತೀಕದಲ್ಲಿ ತಗಡೂರಿನಲ್ಲಿ ನಡೆಯಿತು.