ಮಚ್ಚಿಗೆ ಹದ ಕೊಡುತ್ತಿದ್ದ ಅಕ್ಕ

ಕಳೆದ ವಾರ ಮೂಗೂರಿನ ಗೊಬ್ಬರದಂಗಡಿಯಲ್ಲಿ ಯಾರೋ ಹೊಂಗೆ ಎಣ್ಣೆಯ ಕ್ಯಾನು ಬಿಚ್ಚಿದರು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಏನು ಕೊಳ್ಳಲು ಬಂದಿದ್ದೆನೆಂಬುದೇ ಮರೆತುಹೋಯಿತು. ಟಿ. ನರಸೀಪುರದ ಕುಲುಮೆಯ ಅಕ್ಕ ನೆನಪಾದರು. ಅವರು ನೆನಪಾದಾಗಲೆಲ್ಲ ನಾಚಿಕೆಯಿಂದ ನನ್ನ ತಲೆ ತಗ್ಗುತ್ತದೆ.

ನಾನು ನಂಜನಗೂಡಿನ ಒಂದು ತರಬೇತಿ ಕೇಂದ್ರದಲ್ಲಿ ಮೇಷ್ಟ್ರು. ಕಬ್ಬು ಕಡಿಯುವ ಮಚ್ಚು ಮಾಡುವುದನ್ನು ಕಲಿಸಲು ನಮಗೆ ಒಬ್ಬರು ಕಮ್ಮಾರರು ಬೇಕಾಗಿದ್ದರು. ತಿಂಗಳ ಸಂಬಳದ ಕೆಲಸ. ಹುಡುಕುವ ಹೊಣೆ ನನ್ನದು. ಹಾಗೆ ಸಿಕ್ಕಿದವರು ಆ ಗಂಡ ಹೆಂಡತಿ. ಯಜಮಾನರು ಬಡಿಯುತ್ತಿದ್ದರು, ಅಲಗು ಗಟ್ಟಿಯಾಗಲೆಂದು ಅಕ್ಕ ಹದ ಕೊಡುತ್ತಿದ್ದರು. ಕೆಂಪಗೆ ಕಾದ ಅಲಗನ್ನು ಇಕ್ಕಳದಲ್ಲಿ ಹಿಡಿದು, ಬಾವಿಗೆ ಬಿಂದಿಗೆ ಇಳಿಸುವ ಹಾಗೆ ನೇರವಾಗಿ ಹೊಂಗೆ ಎಣ್ಣೆಗೆ ಇಳಿಸುತ್ತಿದ್ದರು.

"ಎರಡೂ ಮಗ್ಗುಲು ಒಂದೇ ಸಮ ಕಾಯ್ಬೇಕು ಸಾ. ಆಮೇಕೆ ನೆಟ್ಟಗೆ ಇಳಿಸ್ಬೇಕು. ಅಡ್ಡ ಅಲ್ಲಾಡ್ಸುದ್ರೆ ಡೊಂಕಾಗೋಯ್ತದೆ," ಎಂದರು ಅಕ್ಕ.

ಪುಸ್ತಕ ಓದಿ ಪಾಸಾಗಿದ್ದ ನನ್ನ ಕೈಯಲ್ಲಿ ಅದುವರೆಗೆ ಒಂದು ಅಲಗೂ ನೆಟ್ಟಗೆ ಬಂದಿರಲಿಲ್ಲ. ಆದರೂ ನಾನು ಬರೆದುಕೊಂಡದ್ದು ಯಜಮಾನರ ಹೆಸರು ಮಾತ್ರ. ಕಮ್ಮಾರ ಎಂದರೆ ಗಂಡಸು ಎಂದು ತಲೆಯಲ್ಲಿ ಕೂತುಬಿಟ್ಟಿತ್ತು.

ಕೆಲಸಕ್ಕೆ ಆರಿಸುವ ಪರೀಕ್ಷೆಯ ದಿನ ಇಬ್ಬರೂ ಬಸ್ಸಿನಲ್ಲಿ ನಮ್ಮ ಕೇಂದ್ರಕ್ಕೆ ಬಂದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ವರ್ಕ್‌ಶಾಪಿಗೆ ಕಾಲಿಡುವಷ್ಟರಲ್ಲಿ ನಾನು ತಡೆದೆ. "ನೀವು ಹೊರಗೆ ಬೆಂಚ್ ಮೇಲೆ ಕೂತಿರಿ ಅಕ್ಕ, ಒಳಗೆ ಜಾಗ ಇಲ್ಲ." ಜಾಗ ಬೇಕಾದಷ್ಟಿತ್ತು... ಪ್ರಿನ್ಸಿಪಾಲರ ಮುಂದೆ ಅವರು ನಿಂತರೆ ಚೆನ್ನಾಗಿರುವುದಿಲ್ಲ ಅನ್ನಿಸಿತ್ತು, ಅಷ್ಟೆ.

ಯಜಮಾನರ ಸುತ್ತಿಗೆಯ ಕೆಲಸ ಕಣ್ಣು ಕೀಳದೆ ನೋಡುವ ಹಾಗಿತ್ತು. ಹದ ಕೊಡುವ ಹೊತ್ತಿಗೆ ಮಾತ್ರ ತಡೆದು ನಿಂತರು. ಬಾಗಿಲ ಕಡೆ ಎರಡು ಸಲ ನೋಡಿದರು. ಕೊನೆಗೆ ಅಲಗನ್ನು ಓರೆಯಾಗಿ ಅದ್ದಿ ಎಣ್ಣೆಯನ್ನು ಕಲಕಿಬಿಟ್ಟರು. ಸೊಟ್ಟಗಾಯಿತು. ಮತ್ತೊಂದು ತೆಗೆದುಕೊಂಡರು, ಅದೂ ಸೊಟ್ಟ. ಹುಡುಗರು ಕಿಸಕ್ಕೆಂದರು. ನಾನು ದೊಡ್ಡ ತಜ್ಞನ ಗತ್ತಿನಲ್ಲಿ, "ಇವರಿಗೆ ಹದ ಗೊತ್ತಿಲ್ಲ ಸರ್," ಎಂದುಬಿಟ್ಟೆ.

ಹೊರಗೆ ಬಂದ ಯಜಮಾನರ ಕೈಯಿಂದ ಅಕ್ಕ ಒಂದು ಸೊಟ್ಟ ಅಲಗನ್ನು ತೆಗೆದುಕೊಂಡು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಗಂಡನನ್ನು ಬಯ್ಯಲಿಲ್ಲ. "ಎಣ್ಣೆಗೆ ಅದ್ದೋಳು ನಾನಲ್ವಾ ಸಾ... ಒಂದ್ ಕಿತ ಮಾಡ್ ತೋರುಸ್ಲಾ?"

ತಪ್ಪು ನನ್ನದೆಂದು ಆ ಗಳಿಗೆಯಲ್ಲೇ ಗೊತ್ತಾಯಿತು. ಪ್ರಿನ್ಸಿಪಾಲರು ಇನ್ನೂ ಒಳಗೇ ಇದ್ದರು, ಹೋಗಿ ಹೇಳಿದ್ದರೆ ಸಾಕಿತ್ತು. ಆದರೆ ಅಕ್ಕನನ್ನು ಹೊರಗೆ ಕೂರಿಸಿದ್ದು ಯಾರು ಎಂದು ಅವರು ಕೇಳುತ್ತಿದ್ದರು. "ಮುಗೀತಕ್ಕ, ಇನ್ನೊಂದ್ಸಲ ನೋಡೋಣ," ಎಂದೆ.

ಇನ್ನೊಂದು ಸಲ ಅವರನ್ನು ಕರೆಯಲೇ ಇಲ್ಲ. ಬೇರೆಯವರನ್ನು ತೆಗೆದುಕೊಂಡೆವು. ಅವರ ಕುಲುಮೆ ಮುಚ್ಚಿತೆಂದೂ, ಅಕ್ಕ ಭತ್ತದ ನಾಟಿಗೆ ಕೂಲಿ ಹೋಗುತ್ತಿದ್ದಾರೆಂದೂ ಆಮೇಲೆ ಕೇಳಿದೆ. ಅಕ್ಕ ಹೋದ ವರ್ಷ ತೀರಿಕೊಂಡರಂತೆ. ಒಂದು ದಿನ ಹೋಗಿ ತಪ್ಪಾಯಿತು ಅನ್ನಬಹುದಿತ್ತು... ಬಸ್ಸು ಹತ್ತಿದರೆ ಅದೇನು ದೂರದ ಊರಲ್ಲ. ಅವರ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ.

ಈಗ ಹದ ಕೊಡುವ ಪಾಠ ನಾನೇ ಮಾಡುತ್ತೇನೆ. ಎರಡೂ ಮಗ್ಗುಲು ಸಮ ಕಾಯಿಸಿ, ನೇರವಾಗಿ ಇಳಿಸಿ, ಅಡ್ಡ ಅಲ್ಲಾಡಿಸಬೇಡಿ ಎನ್ನುತ್ತೇನೆ. ಅಲಗುಗಳು ನೆಟ್ಟಗೆ ಬರುತ್ತವೆ. ನಿನ್ನೆ ಒಬ್ಬ ವಿದ್ಯಾರ್ಥಿನಿ ಕೇಳಿದಳು, "ಇದನ್ನ ನಿಮ್ಗೆ ಯಾರು ಹೇಳ್ಕೊಟ್ರು ಸಾ?"

"ಅನುಭವ ಕಣಮ್ಮ," ಎಂದೆ. ಅವಳು ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡಳು.