ಹೊಟ್ಟೆ ತುಂಬದ ಕೌದಿ

ನಾವು ಸಣ್ಣವರಿದ್ದಾಗ ಸಿನಿಮಾದ ಆ ರಾಕ್ಷಸ ಕುರೂಪಿಯಾಗಿದ್ದ. ಈಗಿನವನು ಹಾಗಲ್ಲ. ಡಾಕ್ಟರೊಬ್ಬ ಹೆಣಗಳ ತುಂಡುಗಳನ್ನು ಹೊಲಿದು ಜೀವ ಕೊಡುತ್ತಾನೆ, ಅದು ಕಣ್ಣು ಬಿಟ್ಟಕೂಡಲೇ ಹೆದರಿ ಓಡಿಹೋಗುತ್ತಾನೆ. ಪರದೇಶದ ಈ ಹಳೇ ಕಥೆಯನ್ನು ಸಿನಿಮಾದವರು ತಿರುಗಿ ತಿರುಗಿ ತೆಗೆಯುತ್ತಲೇ ಇದ್ದಾರೆ. ಮೊನ್ನೆ ಭಾನುವಾರ ಆಳಂದದ ನಮ್ಮ ಮನೆಯಲ್ಲಿ ಮಗಳು ಹೊಸದೊಂದನ್ನು ಹಚ್ಚಿದಳು. ನಾನು ಹಲ್ಲಿನ ಡಾಕ್ಟರು, ಯಾರನ್ನು ಕಂಡರೂ ಮೊದಲು ನೋಡುವುದು ಬಾಯಿ. ಹೆಣದ ಹಲ್ಲು ಅಷ್ಟು ಸಾಲಾಗಿ, ಅಷ್ಟು ಬೆಳ್ಳಗೆ! ಎತ್ತರದ ಆಳು, ಅಗಲವಾದ ಎದೆ, ಕೆನ್ನೆಯ ಮೇಲೆ ಪೆನ್ಸಿಲ್ಲಿನಿಂದ ಎಳೆದಂಥ ಎರಡು ಹೊಲಿಗೆ. ಅವನು ಅತ್ತರೆ ಹಿಂದೆ ಪಿಟೀಲೂ ಅಳುತ್ತದೆ.

"ಪಾಪ, ಎಷ್ಟ್ ಛಂದ ಅದಾನಲ್ಲ ಮಮ್ಮಿ, ಇಂಥಾವನ್ನ ಯಾಕ ಬಿಟ್ಟ್ ಓಡಿದ?" ಎಂದು ಮಗಳು ಕಣ್ಣೊರೆಸಿಕೊಂಡಳು.

ನನಗೆ ಮೈಯೆಲ್ಲ ಉರಿಯಿತು. ಇಂಥವು ಮೂರು ನೋಡಿದ್ದೇನೆ, ಮೂರರಲ್ಲೂ ಇದೇ ಹಾಡು. ಕನಿಕರ ಪಡಬೇಕಾದರೆ ಈ ಸಿನಿಮಾದವರು ಮೊದಲು ಅವನನ್ನು ಚಂದ ಮಾಡಿಕೊಳ್ಳಬೇಕು. ಕುರೂಪಿಯನ್ನು ಕುರೂಪಿಯಾಗಿಯೇ ಎದುರಿಗೆ ನಿಲ್ಲಿಸಿ, ಈಗ ಅಳು ನೋಡೋಣ ಎನ್ನುವ ಎದೆಗಾರಿಕೆ ಒಬ್ಬನಿಗೂ ಇಲ್ಲ. ಥೂ, ಬಂದ್ ಮಾಡು ಎಂದೆ. ಮಗಳು ಮುಖ ಊದಿಸಿಕೊಂಡಳು. ಸಿಟ್ಟು ಎಲ್ಲಿಂದ ಬಂತೆಂದು ಅವಳಿಗೆ ಹೇಗೆ ಗೊತ್ತಾಗಬೇಕು.

ಅದು ನಾನು ಐದನೇ ಈಯತ್ತೆ ಮುಗಿಸಿದ ಬೇಸಿಗೆ. ನಮ್ಮೂರು ಮಟಕಿ. ಆ ವರ್ಷದ ಚಳಿಯಲ್ಲಿ ಆಯಿ, ನಮ್ಮಪ್ಪನ ತಾಯಿ, ತೀರಿಕೊಂಡಿದ್ದಳು. ಟ್ರಂಕು ತೆರೆದರೆ ಅವಳ ಸೀರೆಗಳಿಂದ ನುಸಿಗುಳಿಗೆ, ತಂಬಾಕು ಎರಡೂ ಕೂಡಿದ ವಾಸನೆ ಬರುತ್ತಿತ್ತು. ಆ ಸೀರೆಗಳನ್ನು ಹರಿದು ಹೊದೆಯಲು ಕೌದಿ ಹೊಲಿಸಬೇಕೆಂದು ಅವ್ವ ಹುಸೇನಬಿ ಚಾಚಿಗೆ ಹೇಳಿಕಳಿಸಿದಳು. ಊರಿನ ಅರ್ಧ ಮನೆಗಳ ಕೌದಿ ಚಾಚಿಯ ಕೈಯವೇ. ಅದರ ಮೇಲೆಯೇ ಅವಳ ಹೊಟ್ಟೆ ನಡೆಯುತ್ತಿತ್ತು.

ಎಂದೋ ಸ್ಟೋವ್ ಸಿಡಿದು ಚಾಚಿಯ ಮುಖದ ಎಡಗಡೆ ಸುಟ್ಟಿತ್ತು. ಕೆಳರೆಪ್ಪೆ ಜೋತುಬಿದ್ದು ಕೆಂಪಗೆ ಕಾಣುತ್ತಿತ್ತು, ತುಟಿಯ ಮೂಲೆ ಕೆನ್ನೆಗೆ ಅಂಟಿತ್ತು, ಚಹಾ ಕುಡಿದರೆ ಅಲ್ಲಿಂದ ಸೋರುತ್ತಿತ್ತು. ನೋಡಲು ಹೆದರಿಕೆಯಾಗುತ್ತಿತ್ತು, ಆದದ್ದನ್ನು ಆಗಲಿಲ್ಲವೆಂದು ಬರೆಯಲಾರೆ. "ಸುಜಿ, ನಿನ್ನ ಕಣ್ಣ ಚಲೋ ಅದಾವ, ಸೂಜಿ ಪೋಣಸು ಬಾ" ಎಂದು ಕರೆದಾಗಲೆಲ್ಲ ನಾನು ಹೋಗಿ ಅವಳ ಬಲಗಡೆಗೇ ಕೂಡುತ್ತಿದ್ದೆ. ಪೋಣಿಸಿ ಕೊಟ್ಟರೆ ಸೊಂಟದ ಚೀಲದಿಂದ ಪುಟಾಣಿ ತೆಗೆದು ಅಂಗೈಗೆ ಹಾಕುತ್ತಿದ್ದಳು.

ಅವಳದೊಂದು ನೇಮವಿತ್ತು. ಕೌದಿ ಮುಗಿಯುತ್ತ ಬಂದಾಗ ನಟ್ಟನಡುವೆ ಅಂಗೈಯಗಲ ಜಾಗ ಹೊಲಿಯದೆ ಬಿಡುವಳು. ಕಡೆಯ ದಿನ ಮನೆಯವರು ಬಿಸಿ ರೊಟ್ಟಿಯ ಚೂರು, ಬೆಲ್ಲ ತಂದುಕೊಡಬೇಕು. ಅದನ್ನು ಒಳಗಿಟ್ಟು ಬಾಯಿ ಹೊಲಿದರೆ ಕೌದಿಯ ಹೊಟ್ಟೆ ತುಂಬಿಸಿದಂತೆ. ಹೊಲಿದವರೇ ತುಂಬಿಸಬೇಕು, ಬೇರೆ ಕೈ ನಡೆಯುವುದಿಲ್ಲ.

ಆಯಿಯ ಕೌದಿ ಹೊಲಿಯುವ ನಡುವೆಯೇ ದೊಡ್ಡಪ್ಪನ ಮಗ ಶರಣು ಆಳಂದದಿಂದ ಸಿಡಿ ತಂದ. ಅದೇ ಕಥೆ, ಹಿಂದಿ ಮಾತು. ಮಟಮಟ ಮಧ್ಯಾಹ್ನ ಕಿಟಕಿಗಳಿಗೆ ಹಳೇ ಕೌದಿ ಇಳಿಬಿಟ್ಟು ಪಡಸಾಲೆಯನ್ನು ಕತ್ತಲು ಮಾಡಿ, ಹುರಿದ ಶೇಂಗಾ ಬಗಲಲ್ಲಿಟ್ಟುಕೊಂಡು ಕೂತೆವು. ಆ ರಾಕ್ಷಸನ ಮುಖ ಕೊಳೆತ ಬದನೆಕಾಯಿಯ ಹಾಗಿತ್ತು, ಮೇಲೆಲ್ಲ ದಪ್ಪ ದಾರದ ಹೊಲಿಗೆ. ನಾವು ಚೀರಿದ ಚೀರಿಗೆ ಅಂಗಳದಲ್ಲಿದ್ದ ಚಾಚಿ ಕೈಯಲ್ಲಿ ಸೂಜಿ ಹಿಡಿದೇ ಬಾಗಿಲಿಗೆ ಬಂದು ನಿಂತಳು.

"ಯಾಕ ಓಡಾಕತ್ತಾನ ಅಂವ?"

"ಹೆದರ್ಯಾನ್ರಿ ಚಾಚಿ" ಎಂದ ಶರಣು.

"ತಾನೇ ಹೊಲದಾನಲ್ಲೋ? ಒಂದ್ ತುತ್ತರ ತಿನಸಿ ಓಡಬೇಕಿಲ್ಲೋ ಬಾಡ್ಯಾ! ಖಾಲಿ ಹೊಟ್ಟೀಲೆ ಬಿಟ್ರ ಕೌದಿನೂ ಬೆಚ್ಚಗ ಇಡಂಗಿಲ್ಲ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆಮೇಲೆ ನೋಡಿದ ಯಾವ ಸಿನಿಮಾದಲ್ಲೂ ಇಷ್ಟು ಸರಿಯಾದ ಮಾತು ಕೇಳಿಲ್ಲ.

ಮರುದಿನ ಅಂಗಳದಲ್ಲಿ ಅದೇ ಆಟ. ಶರಣು ಡಾಕ್ಟರು. ರಾಕ್ಷಸನಾಗಲು ಒಬ್ಬರೂ ಒಪ್ಪಲಿಲ್ಲ, ಹೆಂಚಿನ ಮಸಿ ಮುಖಕ್ಕೆ ಬಡಿದುಕೊಳ್ಳಬೇಕಲ್ಲ. ಚಾಚಿ ಕಂಬಕ್ಕೊರಗಿ ಆಯಿಯ ಕೌದಿಯ ಕಡೆಯ ಸಾಲು ಹೊಲಿಯುತ್ತಿದ್ದಳು. ಹೊಟ್ಟೆಯೊಂದೇ ಉಳಿದಿತ್ತು. ಅದಕ್ಕೆಂದು ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಸೂಜಿ ಪೋಣಿಸಿ ಕೊಟ್ಟು ಮೇಲೆದ್ದೆ. ಬಾಯಲ್ಲಿ ಅವಳದೇ ಪುಟಾಣಿ.

"ಚಾಚಿನ್ನೇ ರಾಕ್ಷಸ ಮಾಡೂನು ಬರ್ರಿ!" ಎಂದು ಕೂಗಿದೆ. "ಅಕಿಗಿ ಮಸಿ ಹಚ್ಚೂದೇ ಬ್ಯಾಡ!"

ಹುಡುಗರೆಲ್ಲ ಹೋ ಎಂದು ನಕ್ಕರು. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ಹೊರಗೆ ಹಣಿಕಿದಳು, ಬಾಯಿಗೆ ಸೆರಗು ಹಿಡಿದಿದ್ದಳು. ಸೆರಗಿನ ಹಿಂದೆ ಅವಳೂ ನಗುತ್ತಿದ್ದಳು.

ಚಾಚಿ ದಾರ ಕಡಿದು, ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ ಚೀಲದಲ್ಲಿಟ್ಟುಕೊಂಡಳು. ಎದ್ದು ಬಂದು ನನ್ನ ಮುಂದೆ ಕೂತು, ಮುಖದ ಎಡಗಡೆಯನ್ನು ನನ್ನ ಕಡೆ ತಿರುಗಿಸಿದಳು.

"ನೋಡ ಬೇಟಿ. ಒಮ್ಮೆ ಚಲೋತ್ನಾಗಿ ನೋಡಿಬಿಡು."

ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವಳು ಅಂಗಳ ದಾಟಿ ಹೋಗಿದ್ದಳು.

ಅವ್ವ ಬೈಯಲಿಲ್ಲ. ತಾನೂ ನಕ್ಕವಳು ಹೇಗೆ ಬೈದಾಳು? ಎರಡು ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ, ಬೆಲ್ಲ ಅರಿವೆಯಲ್ಲಿ ಕಟ್ಟಿ ಕೊಟ್ಟಳು. "ಹೋಗು, ತಪ್ಪಾತು ಅನ್ನು, ಕೈ ಹಿಡದು ಕರಕೊಂಡು ಬಾ. ಆಯಿ ಕೌದಿ ಹಸದು ಕುಂತದ."

ಚಾಚಿಯ ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು, ನನಗೆ ಕಂಡದ್ದು ಎಡಗಡೆ. "ಯಾರದು?" ಎಂದಳು. ದನಿ ಯಾವಾಗಿನಂತೆ ಮೆತ್ತಗೇ ಇತ್ತು. ತಪ್ಪಾಯಿತು ಎನ್ನಲು ಎರಡು ಮಾತು ಸಾಕಿತ್ತು. ನಾನು ಓಡಿದೆ. ಭಾವಿಯ ಹತ್ತಿರದ ಬೇವಿನ ಮರದ ಹಿಂದೆ ಕೂತು ಎರಡೂ ರೊಟ್ಟಿ ತಿಂದೆ. ಕೌದಿಗೆಂದು ಕಟ್ಟಿದ ಬೆಲ್ಲವನ್ನೂ ತಿಂದು, ಬೆರಳು ನೆಕ್ಕಿ, ಖಾಲಿ ಅರಿವೆ ಹಿಡಿದು ಮನೆಗೆ ಬಂದೆ.

"ಬರಂಗಿಲ್ಲ ಅಂದ್ಳು ಅವ್ವ. ನಿಮ್ಮ ರೊಟ್ಟಿ ನನಗ್ಯಾಕ ಅಂತ ನಾಯಿಗಿ ಒಗದ್ಳು."

ಅವ್ವನ ಮುಖ ಬಿಗಿಯಿತು. "ನಾಯಿಗಿ ಒಗದ್ಳಾ? ಅಷ್ಟ್ ಸೊಕ್ಕಾ ಅಕಿಗಿ?"

ಮಾತು ಭಾವಿಕಟ್ಟೆಗೆ ಹೋಯಿತು, ಅಲ್ಲಿಂದ ಮನೆ ಮನೆಗೆ. ಅನ್ನಕ್ಕೆ ಸೊಕ್ಕು ತೋರಿಸಿದಾಕಿ ಎಂದು ಒಬ್ಬೊಬ್ಬರೇ ಕೌದಿ ಕೊಡುವುದನ್ನು ಬಿಟ್ಟರು. ನಾನು ದಿನಾ ಕೇಳುತ್ತಿದ್ದೆ, ದಿನಾ ಸುಮ್ಮನಿದ್ದೆ. ಮಳೆ ಹಿಡಿಯುವ ಮೊದಲೇ ಚಾಚಿ ಮನೆಗೆ ಕೀಲಿ ಹಾಕಿ ಅಫಜಲಪುರದ ಮಗಳ ಮನೆಗೆ ಹೋದಳು. ತಿರುಗಿ ಬರಲಿಲ್ಲ. ತೀರಿಹೋದ ಸುದ್ದಿ ನಾನು ಕಾಲೇಜಿನಲ್ಲಿದ್ದಾಗ ಬಂತು. ಅವ್ವ ಸಾಯುವವರೆಗೂ ಆ ಸುಳ್ಳನ್ನೇ ನಂಬಿದ್ದಳು.

ಈಗ ಮಟಕಿಯಲ್ಲಿ ಯಾರಾದರೂ ಕೌದಿ ಹೊಲಿಯುತ್ತಾರೋ ಇಲ್ಲವೋ ಗೊತ್ತಿಲ್ಲ. ಕಲಬುರಗಿಯ ಅಂಗಡಿಗಳಲ್ಲಿ ಮಷೀನಿನ ಹೊಲಿಗೆಯ ಕೌದಿ ಸಿಗುತ್ತದೆ, ಮೂಲೆಯಿಂದ ಮೂಲೆಗೆ ಎಲ್ಲೂ ಬಾಯಿ ಇಲ್ಲ. ಆಯಿಯದು ಮಾತ್ರ ನನ್ನ ಹತ್ತಿರ ಹಾಗೇ ಇದೆ. ರೊಟ್ಟಿ, ಬೆಲ್ಲ ಈಗಲೂ ಮನೆಯಲ್ಲಿವೆ. ತುಂಬಿಸುವ ಕೈಯನ್ನು ನಾನೇ ಊರು ಬಿಡಿಸಿದೆ.

ಮೊನ್ನೆ ಸಿನಿಮಾ ಬಂದ್ ಮಾಡಿದ ಮೇಲೆ ಮಗಳು ಸಿಟ್ಟಿನಲ್ಲಿ ಅದೇ ಕೌದಿ ಹೊದ್ದು ಮಲಗಿದಳು. ಸ್ವಲ್ಪ ಹೊತ್ತಿಗೆ ನಡುವಿನ ತೂತಿಗೆ ಬೆರಳು ಹಾಕಿ ಕೇಳಿದಳು, "ಮಮ್ಮಿ, ಇಲ್ಲಿ ಯಾಕ ಹೊಲಿಗಿ ಇಲ್ಲ?"

ಹೇಳಬೇಕೆಂದೇ ಬಾಯಿ ತೆರೆದೆ. ಎಡಗಡೆಯ ಮುಖ ಕಣ್ಣಿಗೆ ಕಟ್ಟಿತು.

"ಒಬ್ಬ ಚಾಚಿ ಹೊಲಿತಿದ್ಲು" ಎಂದೆ. "ಭಾಳ ಛಂದ ಇದ್ಲು. ಮುಗಿಸೂದ್ರಾಗ ಮಗಳ ಊರಿಗೆ ಹೋಗಬೇಕಾತು."

"ಪಾಪ" ಎಂದಳು ಮಗಳು.