ಕೆಂಪವ್ವನ ಬಯಕೆ

ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ಹಿಂದಿನ ಖಾನಾವಳಿಯಲ್ಲಿ ಕೆಂಪವ್ವ ಇಪ್ಪತ್ತೆರಡು ವರ್ಷ ಜೋಳದ ರೊಟ್ಟಿ ಬಡಿದಳು. ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ, ಮಕ್ಕಳಾಗಿರಲಿಲ್ಲ. ಕಾಳು ಮಾರಲು ಬಂದ ರೈತರು ಅವಳ ರೊಟ್ಟಿಗಾಗಿಯೇ ಹಸಿವು ತಡೆದುಕೊಂಡು ಕಾಯುತ್ತಿದ್ದರು.

ಎರಡು ಸಾವಿರದ ಎರಡರಲ್ಲಿ, ಅರವತ್ತೇಳರ ವಯಸ್ಸಿಗೆ, ಕೈ ಸೋತಿತು. ಹತ್ತು ರೊಟ್ಟಿ ಆಗುವಷ್ಟರಲ್ಲಿ ಏದುಸಿರು, ಕಣ್ಣಿಗೆ ಕತ್ತಲೆ. ಖಾನಾವಳಿಯ ಮಾಲೀಕ ಶಟ್ಟೆಪ್ಪ ಕೆಟ್ಟವನಲ್ಲ. "ಯವ್ವಾ, ನಿಮಗೂ ವಯಸ್ಸಾತು. ಇನ್ನ ಮನ್ಯಾಗ ಆರಾಮ ಕುಂದರ್ರಿ," ಅಂದ. ವಯಸ್ಸೇ ಇರಬೇಕೆಂದು ಅವಳೂ ನಂಬಿದಳು.

ಒಂದೇ ಕೋಣೆಯ ಬಾಡಿಗೆ ಮನೆ. ಒಬ್ಬಳಿಗಾಗಿ ಒಲೆ ಹೊತ್ತಿಸಲು ಬೇಸರವಾಗಿ, ಚಹಾದಲ್ಲಿ ಟೋಸ್ಟ್ ಅದ್ದಿ ತಿಂದು ದಿನ ತಳ್ಳುತ್ತಿದ್ದಳು. ಮೊಣಕಾಲು ನೋವಿಗೆ ಔಷಧದಂಗಡಿಯ ಗುಳಿಗೆ ಇತ್ತು, ನಾಲ್ಕು ವರ್ಷದಿಂದ ದಿನಕ್ಕೆರಡು. ಒಂದು ಸಂಜೆ ಮಳೆ ಹನಿದು ಹಿತ್ತಲ ಮಣ್ಣಿನ ಗೋಡೆ ಘಮ್ಮೆಂದಿತು, ಬಾಯಲ್ಲಿ ನೀರೂರಿತು. ಉಗುರಿನಿಂದ ಕೆರೆದು ಚೂರು ಮಣ್ಣು ನಾಲಿಗೆಗಿಟ್ಟಳು. ಆಮೇಲೆ ಬಿಡಲಾಗಲಿಲ್ಲ.

ನೆರೆಮನೆಯ ಬಾಯವ್ವ ಅದನ್ನು ನೋಡಿ ನಕ್ಕಳು. "ಏನ್ ಆಯಿ, ಈ ವಯಸ್ಸಿನ್ಯಾಗ ಬಯಕಿ ಹತ್ತ್ಯಾವೇನ?"

ಬಾಯವ್ವನಿಗೆ ಅದು ತಮಾಷೆ. ಬಯಕೆಗಾಗಿ ವರ್ಷಗಟ್ಟಲೆ ದೇವರಿಗೆ ಹರಕೆ ಹೊತ್ತಿದ್ದ ಕೆಂಪವ್ವನಿಗೆ ಎದೆಗೇ ಚುಚ್ಚಿತು. ಅಂದಿನಿಂದ ಅವಳು ಕಟ್ಟೆಗೆ ಬಂದು ಕೂರುವುದನ್ನೇ ಬಿಟ್ಟಳು. ಮುದುಕಿಗೆ ಸೊಕ್ಕು ಬಂತೆಂದು ಓಣಿಯವರು ಸುಮ್ಮನಾದರು.

ಶ್ರಾವಣದಲ್ಲಿ ನಳದ ಹತ್ತಿರ ಕೊಡ ಎತ್ತಲು ಹೋಗಿ ಬಿದ್ದಳು. ದವಾಖಾನೆಗೆ ಕರೆದೊಯ್ದವಳು ಬಾಯವ್ವನೇ. ಡಾಕ್ಟರಮ್ಮ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಹಾಳೆಯಂತೆ ಬೆಳ್ಳಗಿತ್ತು.

"ಆಯಿ, ಮಣ್ಣು ಗಿಣ್ಣು ತಿನಬೇಕ ಅನಸ್ತೈತೇನ್ರಿ?"

ಕೆಂಪವ್ವ ಬಾಯವ್ವನ ಕಡೆ ನೋಡಿದಳು, ಆಮೇಲೆ ಅತ್ತಳು.

"ಅಳಬ್ಯಾಡ್ರಿ. ಮೈಯಾಗ ರಕ್ತ ಕಮ್ಮಿ ಆಗಿ ಕಬ್ಬಿಣದ ಅಂಶ ಇಳದೈತಿ, ಅದಕ್ಕ ಹಂಗ ಅನಸ್ತೈತಿ. ಇದು ವಯಸ್ಸಿಂದಲ್ಲ, ರೋಗ. ಆದರ ರಕ್ತ ಎಲ್ಲಿ ಹೊಂಟೈತಿ? ಸಂಡಾಸ ಕಪ್ಪಗ ಆಗ್ತೈತೇನು?"

ಆಗುತ್ತಿತ್ತು. ಯಾರಿಗೆ ಹೇಳುವುದು ಅಂಥ ಮಾತು? ಬೆಳಗಾವಿಯಲ್ಲಿ ಗಂಟಲೊಳಗೆ ಕೊಳವೆ ಇಳಿಸಿ ನೋಡಿದಾಗ ಹೊಟ್ಟೆಯಲ್ಲಿ ಹುಣ್ಣು ಕಂಡಿತು. ಮೊಣಕಾಲಿನ ಗುಳಿಗೆಯ ಕೆಲಸ ಅದು. ಎರಡು ಬಾಟಲಿ ರಕ್ತ ಹಾಕಿದರು. ಆ ಗುಳಿಗೆ ಬಿಡಿಸಿ, ಹುಣ್ಣಿಗೆ ಔಷಧ ಕೊಟ್ಟು, ಕಬ್ಬಿಣದ ಗುಳಿಗೆ ಬರೆದರು.

ಊರಿನ ದವಾಖಾನೆಯಲ್ಲಿ ಆ ಕಬ್ಬಿಣದ ಗುಳಿಗೆ ಕೊಡುತ್ತಿದ್ದದ್ದು ಬಸುರಿಯರ ತಪಾಸಣೆಯ ಗುರುವಾರ. ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹೊತ್ತ ಹುಡುಗಿಯರು. "ಯಾರಿಗ್ರಿ ಆಯಿ, ಸೊಸಿಗೇನು?" ಎಂದು ಒಬ್ಬಳು ಕೇಳಿದಳು.

"ನನಗವ್ವಾ," ಅಂದಳು ಕೆಂಪವ್ವ. ಯಾರೂ ನಗಲಿಲ್ಲ. ಆ ಹುಡುಗಿ ಸರಿದು ಬೆಂಚಿನಲ್ಲಿ ಜಾಗ ಕೊಟ್ಟಳು.

ದೀಪಾವಳಿಗೆ ಮೈಯಲ್ಲಿ ಕಸುವು ಬಂತು. ಮಣ್ಣು ಬರೀ ಮಣ್ಣಾಯಿತು. ಖಾನಾವಳಿಯಲ್ಲಿ ಅಷ್ಟರಲ್ಲಿ ಬೇರೆಯವಳು ರೊಟ್ಟಿ ಬಡಿಯುತ್ತಿದ್ದಳು. ಬಾಯವ್ವ ಮಾತಾಡಿಸುತ್ತಿದ್ದಳು, ಆದರೆ ಮೊದಲಿನ ಸಲುಗೆ ಇಬ್ಬರಲ್ಲೂ ಮೂಡಲಿಲ್ಲ.

ಬೇಸಿಗೆಗೆ ಗುಳಿಗೆ ನಿಲ್ಲಿಸಿದರು. ಮುಂದಿನ ಗುರುವಾರ ವರಾಂಡದ ಬೆಂಚಿನಲ್ಲಿ ಅವಳನ್ನು ಕಂಡು ಡಾಕ್ಟರಮ್ಮ ನಿಂತರು. "ಆಯಿ, ನಿಮ್ಮ ಗುಳಿಗಿ ಮುಗದಾವಲ್ಲ?"

"ಹೌದ್ರಿ," ಅಂದಳು ಕೆಂಪವ್ವ, ಪಕ್ಕದ ಹುಡುಗಿಯ ನೀರಿನ ಬಾಟಲಿ ಹಿಡಿದುಕೊಂಡು. "ಸುಮ್ನ ಕುಂತೇನ್ರಿ."